ಅರವತ್ತು ಬಾಟಲಿ ಪೀಚ್ ಹಣ್ಣಿನ ಲೆಕ್ಕ

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಬರ್ಡ್-ಇನ್-ಹ್ಯಾಂಡ್ ಎಂಬ ಊರು ದಾಟಿದ ಮೇಲೆ, ಮನೆ ಮುಂದೆ ಮೇಜು ಹಾಕಿಕೊಂಡು ಪೀಚ್ ಹಣ್ಣು ಮಾರುತ್ತಿದ್ದ ಆಮಿಶ್ ಹೆಂಗಸನ್ನು ಕಂಡು ಕಾರು ನಿಲ್ಲಿಸಿದೆ. ತಲೆಗೆ ಬಿಳಿ ಟೊಪ್ಪಿಗೆ, ಕಡುನೀಲಿ ಉಡುಪು, ಬರಿಗಾಲು. ಹಣ್ಣನ್ನು ಚಳಿಗಾಲಕ್ಕೆ ಬಾಟಲಿಯಲ್ಲಿ ತುಂಬಿಡಬೇಕೆಂಬ ಹುಚ್ಚು ನನಗೆ ಆಗಷ್ಟೇ ಹತ್ತಿತ್ತು. ಎಷ್ಟು ಕೊಳ್ಳಲಿ ಎಂದು ಕೇಳಿದೆ. ಆಕೆ ಹಣ್ಣಿನ ಕಡೆ ನೋಡಲೇ ಇಲ್ಲ. "ಮನೇಲಿ ಎಷ್ಟು ಜನ? ವಾರಕ್ಕೆ ಎಷ್ಟು ಸಲ ತಿಂತೀರಿ?" ಎಂದರು.

ನಾಲ್ಕು ಜನ, ವಾರಕ್ಕೆರಡು ಸಲ ಇರಬಹುದು ಎಂದೆ. ಮುಂದಿನ ಲೆಕ್ಕ ಆಕೆಯ ಬಾಯಲ್ಲೇ ಆಗಿಹೋಯಿತು. ತಾಜಾ ಹಣ್ಣು ಸಿಗದ ವಾರಗಳು ಮೂವತ್ತು. ವಾರಕ್ಕೆರಡು ಬಾಟಲಿಯಂತೆ ಅರವತ್ತು. ಒಂದು ಕ್ವಾರ್ಟ್ ಬಾಟಲಿ ಎಂದರೆ ಲೀಟರಿಗೆ ತುಸು ಕಡಿಮೆ. ಅದು ತುಂಬಲು ಎರಡೂವರೆ ಪೌಂಡ್ ಹಣ್ಣು ಬೇಕು. ಒಟ್ಟು 150 ಪೌಂಡ್, ನಮ್ಮ ತೂಕದಲ್ಲಿ 68 ಕಿಲೋ. ದೊಡ್ಡ ಬುಶೆಲ್ ಬುಟ್ಟಿಯಲ್ಲಿ ಮೂರು. ನಾನು ಒಂದೇ ಒಂದು ಪುಟ್ಟ ಬುಟ್ಟಿ ಹಿಡಿದುಕೊಂಡು ನಿಂತಿದ್ದೆ.

ಆಮಿಶ್ ಅಡುಗೆ ಎಂದರೆ ಅಜ್ಜಿಮನೆಯ ನೆನಪು ಎಂದು ಅಮೆರಿಕದ ಪ್ರವಾಸಿ ಅಂಗಡಿಗಳು ಮಾರುತ್ತವೆ. ಚೌಕಳಿ ಬಟ್ಟೆ ಕಟ್ಟಿದ ಮುಚ್ಚಳ, ಚೀಟಿಯ ಮೇಲೆ ಕುದುರೆಗಾಡಿ. ನನ್ನನ್ನೂ ಮೊದಲು ಸೆಳೆದದ್ದು ಅದೇ. ಆ ಮಧ್ಯಾಹ್ನದ ನಂತರ ನಾನು ಅವರ ನೆಲಮಾಳಿಗೆಯ ಬಾಟಲಿ ಸಾಲನ್ನು ಮನೆಯ ಜಮಾಖರ್ಚಿನ ಪುಸ್ತಕದಂತೆ ಓದತೊಡಗಿದೆ. ಅಲ್ಲಿಂದ ಏನಾದರೂ ನಮ್ಮ ಅಡುಗೆಮನೆಗೆ ತಂದುಕೊಳ್ಳುವ ಆಸೆಯಿದ್ದರೆ ಆ ಲೆಕ್ಕದಿಂದಲೇ ಶುರು ಮಾಡುವುದು ಒಳ್ಳೆಯದು. ಚೌಕಳಿ ಬಟ್ಟೆ ಆಮೇಲೆ ಕಟ್ಟಿಕೊಂಡರಾಯಿತು.

ಯಾರು ಈ ಜನ

1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸೇಸ್ ಕಡೆಯ ಅನಬ್ಯಾಪ್ಟಿಸ್ಟ್ ಕ್ರೈಸ್ತರಲ್ಲಿ ಒಡಕು ಬಂತು. ಜೇಕಬ್ ಅಮ್ಮನ್ ಎಂಬವನ ಹಿಂದೆ ಹೋದವರು ಆಮಿಶರಾದರು. 18ನೇ ಶತಮಾನದ ಮೊದಲರ್ಧದಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬರತೊಡಗಿದರು. ಇವತ್ತು ಉತ್ತರ ಅಮೆರಿಕದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಲ್ಯಾಂಕಾಸ್ಟರ್, ಒಹಾಯೊದ ಹೋಮ್ಸ್ ಕೌಂಟಿ, ಇಂಡಿಯಾನಾದ ಉತ್ತರ ಭಾಗ ಅವರ ದೊಡ್ಡ ನೆಲೆಗಳು. ಮನೆಯಲ್ಲಿ ಆಡುವುದು ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಆಡುಮಾತು. ಆಮಿಶರಲ್ಲದ ಎಲ್ಲರಿಗೂ ಅವರು ಇಡುವ ಹೆಸರು "ಇಂಗ್ಲಿಷ್". ಹಾಗಾಗಿ ಸೀರೆಯುಟ್ಟು ಹೋದ ನನ್ನ ಅತ್ತೆಯವರೂ ಅಲ್ಲಿ ಇಂಗ್ಲಿಷಿನವರೇ ಆದರು.

ಆರ್ಡ್‌ನುಂಗ್ ಎಂಬ ಸಮುದಾಯದ ಕಟ್ಟಳೆ ಏನು ಬಳಸಬಹುದು, ಏನು ಬಾರದು ಎಂದು ಹೇಳುತ್ತದೆ. ಅದು ಊರಿಂದೂರಿಗೆ ಬೇರೆ. ಸಾಮಾನ್ಯವಾಗಿ ಹೊರಗಿನ ವಿದ್ಯುತ್ ತಂತಿ ಮನೆಯೊಳಗೆ ಬರುವುದಿಲ್ಲ. ಹಾಗಂತ ಸೌದೆ ಒಲೆಯೊಂದನ್ನೇ ಕಲ್ಪಿಸಿಕೊಳ್ಳಬೇಡಿ. ಲ್ಯಾಂಕಾಸ್ಟರಿನ ಬಹಳಷ್ಟು ಮನೆಗಳಲ್ಲಿ ಪ್ರೊಪೇನ್ ಗ್ಯಾಸಿನ ಒಲೆ, ಗ್ಯಾಸಿನಿಂದಲೇ ಓಡುವ ಫ್ರಿಜ್ ಇವೆ. ಇಂಗ್ಲಿಷ್ ನೆರೆಯವರ ಗ್ಯಾರೇಜಿನಲ್ಲಿ ಫ್ರೀಜರ್ ಬಾಡಿಗೆಗೆ ಇಟ್ಟುಕೊಂಡವರೂ ಇದ್ದಾರೆ. ಅವರ ಅಡುಗೆ ಪುಸ್ತಕ ತೆರೆದರೆ ಡಬ್ಬಿಯ ಅಣಬೆ ಸೂಪು, ಪೊಟ್ಟಣದ ಜೆಲ್ಲಿ ಪುಡಿ, ಅಂಗಡಿಯ ಚೀಸ್ ಎಲ್ಲ ಸಿಗುತ್ತವೆ. ಏಳು ಸಿಹಿ, ಏಳು ಹುಳಿ ಇಲ್ಲದೆ ಅವರ ಊಟವೇ ಇಲ್ಲ ಎಂಬ ಮಾತು ಹೋಟೆಲು ಫಲಕಗಳಲ್ಲಿ ಕಾಣುತ್ತದೆ. ಅದು ಪ್ರವಾಸೋದ್ಯಮ ಬೆಳೆಸಿದ ಕಥೆ. ಆಹಾರ ಇತಿಹಾಸಕಾರ ವಿಲಿಯಂ ವೋಯ್ಸ್ ವೀವರ್ ಇಂಥ ಕಥೆಗಳ ಮೇಲೆ 2013ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ತಿಂಗಳ ಮೇಲೆ ತಿಂಗಳು

ಅಲ್ಲಿಗೆ ಹೋಗುವವರು ಮೊದಲು ಋತು ನೋಡಿಕೊಳ್ಳಬೇಕು. ಮೇ ತಿಂಗಳಲ್ಲಿ ರೂಬಾರ್ಬ್ ಎಂಬ ಹುಳಿ ದಂಟು, ಜೂನಿನಲ್ಲಿ ಸ್ಟ್ರಾಬೆರಿ. ಜುಲೈನಲ್ಲಿ ಬೀನ್ಸ್, ಸೌತೆ. ಆಗಸ್ಟಿನಲ್ಲಿ ಪೀಚ್, ಟೊಮೆಟೊ, ಮುಸುಕಿನ ಜೋಳ ಎಲ್ಲ ಒಟ್ಟೊಟ್ಟಿಗೆ ಬಂದು ಮನೆ ಮಂದಿಯ ಬೆನ್ನು ಮುರಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಸೇಬಿನ ಕಾಲ.

ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ ಲ್ಯಾಂಕಾಸ್ಟರಿನಲ್ಲಿ ಮದುವೆಗಳು. ಹೆಚ್ಚಾಗಿ ಮಂಗಳವಾರ, ಗುರುವಾರ. ಕೊಯ್ಲು ಮುಗಿದಿರುತ್ತದೆ, ಮುನ್ನೂರು ನಾನೂರು ಜನ ಮನೆಯಲ್ಲೇ ಉಣ್ಣುತ್ತಾರೆ. ಬ್ರೆಡ್ಡಿನ ಹೂರಣ ಬೆರೆಸಿದ ಕೋಳಿಯ ಜೊತೆ ಕೆನೆಯಲ್ಲಿ ಬೇಯಿಸಿದ ಸೆಲರಿ ಇರಲೇಬೇಕು. ಹೂದಾನಿಯಲ್ಲೂ ಹೂವಿನ ಬದಲು ಸೆಲರಿಯ ದಂಟೇ. ಆದ್ದರಿಂದ ಜುಲೈ ಹೊತ್ತಿಗೆ ಯಾರದಾದರೂ ಹಿತ್ತಲಲ್ಲಿ ಸೆಲರಿ ಸಾಲು ಅಳತೆ ಮೀರಿ ಬೆಳೆದಿದ್ದರೆ, ಆ ಮನೆಯ ಹುಡುಗಿಗೆ ಗಂಡು ಗೊತ್ತಾಗಿದೆ ಎಂದು ಅಕ್ಕಪಕ್ಕದವರು ಊಹಿಸಿಬಿಡುತ್ತಾರೆ. ಮನೆಯವರು ಮಾತ್ರ ಬಾಯಿ ಬಿಡುವುದಿಲ್ಲ.

ಹೊಸ ವರ್ಷದ ದಿನ ಪೆನ್ಸಿಲ್ವೇನಿಯಾ ಡಚ್ ಸೀಮೆಯಲ್ಲಿ ಹಂದಿಮಾಂಸ ಮತ್ತು ಸೌವರ್‌ಕ್ರೌಟ್, ಅಂದರೆ ಉಪ್ಪಿನಲ್ಲಿ ಹುದುಗಿಸಿದ ಎಲೆಕೋಸು. ಕೋಳಿ ಹಿಂದಕ್ಕೆ ಕೆದರುತ್ತದೆ, ಹಂದಿ ಮೂತಿಯಿಂದ ಮುಂದಕ್ಕೆ ನೆಲ ಕೆದಕುತ್ತದೆ. ವರ್ಷವೂ ಮುಂದಕ್ಕೆ ಹೋಗಲಿ ಎಂಬ ನಂಬಿಕೆ. ಸಸ್ಯಾಹಾರಿಗಳು ಎಲೆಕೋಸನ್ನಷ್ಟೇ ಇಟ್ಟುಕೊಳ್ಳಬಹುದು. ಸಣ್ಣಗೆ ಹೆಚ್ಚಿದ ಕೋಸಿನ ತೂಕಕ್ಕೆ ನೂರಕ್ಕೆ ಎರಡರಿಂದ ಎರಡೂವರೆಯಷ್ಟು ಉಪ್ಪು ಹಾಕಿ ಹಿಸುಕಿ, ಬಿಟ್ಟ ನೀರಲ್ಲೇ ಮುಳುಗಿರುವಂತೆ ಭಾರ ಇಡಬೇಕು. 21ರಿಂದ 24 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರು ನಾಲ್ಕು ವಾರಕ್ಕೆ ಹುಳಿ ಬರುತ್ತದೆ. ಅದಕ್ಕಿಂತ ಸೆಕೆಯಿದ್ದರೆ ಕೋಸು ಮೆತ್ತಗಾಗುತ್ತದೆ. ಕರಾವಳಿಯ ಮನೆಗಳಲ್ಲಿ ಏಪ್ರಿಲಿನಲ್ಲಿ ಈ ಸಾಹಸ ಬೇಡ.

ಕೊಳ್ಳುವಾಗ

ಲ್ಯಾಂಕಾಸ್ಟರ್ ಪೇಟೆಯ ಸೆಂಟ್ರಲ್ ಮಾರ್ಕೆಟ್ 1889ರ ಇಟ್ಟಿಗೆ ಕಟ್ಟಡ. ಸಂತೆ ಅದಕ್ಕೂ ಹಳೆಯದು, 1730ರ ಕಾಲದ್ದು. ಮಂಗಳವಾರ, ಶುಕ್ರವಾರ, ಶನಿವಾರ ಮಾತ್ರ ತೆರೆದಿರುತ್ತದೆ. ಎಫ್ರಟಾ ಬಳಿಯ ಗ್ರೀನ್ ಡ್ರ್ಯಾಗನ್ ಸಂತೆ ಶುಕ್ರವಾರದ್ದು. ಫಿಲಡೆಲ್ಫಿಯಾದಲ್ಲಿ ಇಳಿದುಕೊಂಡವರಿಗೆ 1893ರ ರೀಡಿಂಗ್ ಟರ್ಮಿನಲ್ ಮಾರ್ಕೆಟ್ಟಿನಲ್ಲೇ ಆಮಿಶ್ ಮಳಿಗೆಗಳು ಸಿಗುತ್ತವೆ. ಭಾನುವಾರ ಎಲ್ಲಿ ಹೋದರೂ ಆಮಿಶರ ಅಂಗಡಿ ಬಾಗಿಲು ಹಾಕಿರುತ್ತದೆ. ವಾರಾಂತ್ಯದ ಪ್ರವಾಸ ಹಾಕಿಕೊಳ್ಳುವ ನಮ್ಮವರು ತಪ್ಪುವುದು ಇಲ್ಲೇ. ಮುಖದ ಫೋಟೊ ತೆಗೆಯಬೇಡಿ. ಮೂರ್ತಿ ಮಾಡಬಾರದೆಂಬ ಬೈಬಲ್ಲಿನ ಮಾತು, ಅಹಂ ಬೆಳೆಯಬಾರದೆಂಬ ವಿನಯ ಎರಡೂ ಅದರ ಹಿಂದಿವೆ. ಬಾಟಲಿಯ ಫೋಟೊಗೆ ಯಾರೂ ಬೇಡ ಎನ್ನುವುದಿಲ್ಲ.

"ಆಮಿಶ್" ಎಂದು ಚೀಟಿಯ ಮೇಲೆ ಬರೆಯಲು ಯಾವ ಪ್ರಮಾಣಪತ್ರವೂ ಬೇಕಿಲ್ಲ. ಬಾಟಲಿಯನ್ನು ತಿರುಗಿಸಿ ಹಿಂದೆ ಓದಿ: ಎಲ್ಲಿ ತುಂಬಿದ್ದು, ಏನೇನು ಹಾಕಿದ್ದು. ಸಸ್ಯಾಹಾರಿಗಳಿಗೆ ಇನ್ನೊಂದು ಎಚ್ಚರಿಕೆ. ಪೈ ಎಂಬ ಹೂರಣದ ತಿನಿಸಿನ ಹೊರಗಿನ ಕಣಕಕ್ಕೆ ಲಾರ್ಡ್, ಅಂದರೆ ಹಂದಿಕೊಬ್ಬು ಕಲಸುವುದು ಇಲ್ಲಿ ಹಳೆಯ ರೂಢಿ. ಒಳಗೆ ಸೇಬು ಇದೆಯೆಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. "ಲಾರ್ಡ್ ಹಾಕಿದ್ದೀರಾ?" ಎಂದು ನೇರವಾಗಿ ಕೇಳಿ, ಯಾರೂ ಬೇಸರಪಡುವುದಿಲ್ಲ. ಅವರ ನೂಡಲ್ಸಿನಲ್ಲಿ ಮೊಟ್ಟೆ ಇರುತ್ತದೆ. ಬೇಯಿಸಿದ ಬೀನ್ಸಿನಲ್ಲಿ ಹಂದಿಮಾಂಸದ ಚೂರು ಇರಬಹುದು. ಸ್ಕ್ರ್ಯಾಪಲ್ ಅಂತೂ ಹಂದಿಯ ಉಳಿಕೆಯನ್ನು ಮುಸುಕಿನ ಜೋಳದ ಹಿಟ್ಟಿನೊಡನೆ ಬೇಯಿಸಿ, ಗಟ್ಟಿಮಾಡಿ, ಹೋಳು ಮಾಡಿ ಕಾಯಿಸಿದ್ದು.

ಯಾವ ಯೋಚನೆಯೂ ಇಲ್ಲದೆ ಕೊಳ್ಳಬಹುದಾದವು ಆಪಲ್ ಬಟರ್ ಎಂಬ ಸೇಬಿನ ಗಟ್ಟಿ ತಿರುಳು, ಚೌಚೌ ಎಂಬ ಬೆರಕೆ ತರಕಾರಿಯ ಸಿಹಿಹುಳಿ ಉಪ್ಪಿನಕಾಯಿ, ಮತ್ತು ಶ್ನಿಟ್ಸ್ ಎಂಬ ಒಣಗಿಸಿದ ಸೇಬಿನ ಹೋಳು. ಶೂಫ್ಲೈ ಪೈ ತಿನ್ನುವಾಗ ನನಗೆ ಊರಿನ ಆಲೆಮನೆ ನೆನಪಾಗುತ್ತದೆ, ಏಕೆಂದರೆ ಅದರ ಜೀವಾಳವೇ ಕಾಕಂಬಿ. ತಳದಲ್ಲಿ ಕಾಕಂಬಿಯ ಒದ್ದೆ ಪದರ, ಮೇಲೆ ಹಿಟ್ಟು ಸಕ್ಕರೆಯ ಉದುರು. ಅದನ್ನು ಬೆಳಿಗ್ಗೆ ಕಾಫಿಯ ಜೊತೆ ತಿನ್ನುವವರಿದ್ದಾರೆ. ಕಣಕದ ಪ್ರಶ್ನೆ ಇಲ್ಲೂ ಕೇಳಲೇಬೇಕು.

ಬಾಟಲಿಯ ಕಟ್ಟಳೆ

ಡಬ್ಬಿಯೇ ಇಲ್ಲದಿದ್ದರೂ ಹೀಗೆ ಬಾಟಲಿಯಲ್ಲಿ ತುಂಬಿಡುವುದಕ್ಕೆ ಕ್ಯಾನಿಂಗ್ ಎಂದೇ ಹೆಸರು. ಆಹಾರವನ್ನು ಬಾಟಲಿಯಲ್ಲಿ ಮುಚ್ಚಿ ಕುದಿಸಿದರೆ ಕೆಡುವುದಿಲ್ಲ ಎಂದು ಕಂಡುಕೊಂಡ ನಿಕೊಲಾ ಅಪೇರ್‌ಗೆ 1810ರಲ್ಲಿ ಫ್ರೆಂಚ್ ಸರ್ಕಾರ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ತಿರುಪಿನ ಕುತ್ತಿಗೆಯ ಗಾಜಿನ ಬಾಟಲಿಗೆ ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ ಪೇಟೆಂಟ್ ಪಡೆದದ್ದು 1858ರಲ್ಲಿ. ಇಂದಿಗೂ ಅದು ಮೇಸನ್ ಜಾರ್. ಈಗಿನ ಮುಚ್ಚಳದಲ್ಲಿ ಎರಡು ಭಾಗ: ಅಂಚಿಗೆ ರಬ್ಬರಿನಂಥ ಅಂಟಿರುವ ಚಪ್ಪಟೆ ಬಿಲ್ಲೆ, ಅದನ್ನು ಹಿಡಿದಿಡುವ ತಿರುಪಿನ ಬಳೆ. ಬಳೆಯನ್ನು ವರ್ಷಗಟ್ಟಲೆ ಬಳಸಬಹುದು, ಬಿಲ್ಲೆ ಪ್ರತಿ ಸಲವೂ ಹೊಸದು ಬೇಕು.

ನಾನು ಮೊದಲ ವರ್ಷ ಇದ್ಯಾವುದನ್ನೂ ಕೇಳದೆ, ತಿಂದು ಮುಗಿಸಿದ ಉಪ್ಪಿನಕಾಯಿ ಬಾಟಲಿಗಳನ್ನು ತೊಳೆದು ಸ್ಟ್ರಾಬೆರಿ ಜಾಮ್ ತುಂಬಿಟ್ಟೆ. ಜನವರಿಯಲ್ಲಿ ತೆರೆದರೆ ಮೇಲೆ ಎಂಟಾಣೆಯಗಲದ ನೀಲಿ ಬೂಷ್ಟು. ಶಿರಸಿಗೆ ಫೋನು ಮಾಡಿ ಅಮ್ಮನಿಗೆ ಹೇಳಿದೆ. "ಮೇಲಿಂದು ತೆಗೆದು ಹಾಕಿದ್ರೆ ಆಯ್ತಲ್ಲೇ, ಅದಕ್ಯಾಕೆ ಇಷ್ಟು ಗಾಬರಿ?" ಎಂದಳು. ಐವತ್ತು ವರ್ಷ ಮಾವಿನಮಿಡಿ ಭರಣಿ ಕಾಯ್ದವಳ ಮಾತು, ಎದುರಾಡುವುದು ಕಷ್ಟ. ಆದರೆ ಮಿಡಿ ಉಪ್ಪಿನಕಾಯಿಯನ್ನು ಕಾಯುವುದು ಉಪ್ಪು ಮತ್ತು ಹುಳಿ; ಗಾಳಿಯಾಡದಂತೆ ಮುಚ್ಚಿದ ಬಾಟಲಿಯ ಕಥೆ ಬೇರೆ. ಬೂಷ್ಟು ವಿಷ ಬಿಟ್ಟಿರಬಹುದು, ಹುಳಿಯನ್ನೂ ತಗ್ಗಿಸಬಹುದು. ಎಲ್ಲವನ್ನೂ ಎಸೆದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಬೂಷ್ಟಾದರೂ ಕಣ್ಣಿಗೆ ಕಾಣುತ್ತದೆ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಜೀವಿ ಬಿಡುವ ವಿಷ ಕಾಣುವುದಿಲ್ಲ, ವಾಸನೆಯೂ ಬರಬೇಕೆಂದಿಲ್ಲ, ನರಗಳನ್ನೇ ಹಿಡಿಯುತ್ತದೆ. ಅದರ ಬೀಜಕಣಗಳಿಗೆ ಗಾಳಿಯಿಲ್ಲದ, ಹುಳಿಯಿಲ್ಲದ ಜಾಗ ಇಷ್ಟ. ಮುಚ್ಚಿದ ಬಾಟಲಿಯೊಳಗಿನ ಬೀನ್ಸ್ ಅಂಥದೇ ಜಾಗ. ಹುಳಿಯನ್ನು ಅಳೆಯುವ ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಅಂದರೆ ಸಾಕಷ್ಟು ಹುಳಿಯಿದ್ದರೆ, ಅವು ಮೊಳೆಯುವುದಿಲ್ಲ. ಹಾಗಾಗಿ ಜಾಮ್, ಹುಳಿಹಣ್ಣು, ವಿನೆಗರ್ ಹಾಕಿದ ಉಪ್ಪಿನಕಾಯಿಗಳಿಗೆ ಕುದಿಯುವ ನೀರು ಸಾಕು. ಟೊಮೆಟೊ ಗಡಿಯಲ್ಲಿ ನಿಲ್ಲುವ ಹಣ್ಣು. ಕ್ವಾರ್ಟ್ ಬಾಟಲಿಗೆ ಎರಡು ದೊಡ್ಡ ಚಮಚ ಬಾಟಲಿಯ ನಿಂಬೆರಸ ಸೇರಿಸಬೇಕು. ಮನೆಯಲ್ಲಿ ಹಿಂಡಿದ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಏರುಪೇರು, ಅದಕ್ಕೇ ಬಾಟಲಿಯದು. ಬೀನ್ಸ್, ಜೋಳ, ಕ್ಯಾರೆಟ್, ಮಾಂಸಕ್ಕೆ 116 ಡಿಗ್ರಿ ಶಾಖ ಬೇಕು. ಕುದಿಯುವ ನೀರು ಎಷ್ಟು ಹೊತ್ತು ಕುದಿದರೂ ಅಲ್ಲಿಗೆ ಏರುವುದಿಲ್ಲ. ಹಳೆಯ ಪುಸ್ತಕಗಳು ಬೀನ್ಸ್ ಬಾಟಲಿಗಳನ್ನು ಹಂಡೆಯಲ್ಲಿ ಮೂರು ಗಂಟೆ ಕುದಿಸಿ ಎನ್ನುತ್ತವೆ. ಆ ಪುಟವನ್ನು ಪಾಲಿಸಬೇಡಿ.

"ನಮ್ಮ ಮನೇಲಿ ಪ್ರೆಶರ್ ಕುಕ್ಕರ್ ಇದೆಯಲ್ಲ?" ಎಂದು ಎಲ್ಲ ಕನ್ನಡತಿಯರೂ ಕೇಳುತ್ತಾರೆ, ನಾನೂ ಕೇಳಿದ್ದೆ. ಅದು ಸಾಲದು. ಕ್ಯಾನಿಂಗಿಗೆಂದೇ ಇರುವ ಪಾತ್ರೆಯಲ್ಲಿ ಕನಿಷ್ಠ ನಾಲ್ಕು ಕ್ವಾರ್ಟ್ ಬಾಟಲಿ ನೆಟ್ಟಗೆ ನಿಲ್ಲಬೇಕು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ನಮ್ಮ ಕುಕ್ಕರ್ ಬೇಗ ಕಾದು ಬೇಗ ತಣಿಯುತ್ತದೆ. ಕಾಯುವ, ತಣಿಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದೇ ಅವರ ನಿಮಿಷಗಳನ್ನು ಗೊತ್ತುಮಾಡಿದ್ದಾರೆ. ಬೀನ್ಸನ್ನು ಫ್ರೀಜರಿಗೆ ಹಾಕಿಕೊಳ್ಳಿ, ನೆಮ್ಮದಿ.

ಆಮಿಶ್ ಮೇಜಿನ ಚೆಲುವಾದ ತಿನಿಸೊಂದು ಬೀಟ್‌ರೂಟ್ ಮೊಟ್ಟೆ. ಬೀಟ್‌ರೂಟಿನ ಸಿಹಿಹುಳಿ ನೀರಿನಲ್ಲಿ ಬೇಯಿಸಿದ ಮೊಟ್ಟೆ ಮೂರು ದಿನ ನೆನೆದು, ಹೊರಗೆ ಕಡುಗೆಂಪು, ಒಳಗೆ ಹಳದಿ. ಇದನ್ನು ಫ್ರಿಜ್ಜಿನಿಂದ ಹೊರಗೆ ಇಡಲೇಬಾರದು. 1997ರಲ್ಲಿ ಇಲಿನಾಯ್ ರಾಜ್ಯದಲ್ಲಿ ಒಬ್ಬಾತ ವಿನೆಗರ್ ಒಳಗಿಳಿಯಲಿ ಎಂದು ಮೊಟ್ಟೆಗೆ ಹಲ್ಲುಕಡ್ಡಿ ಚುಚ್ಚಿ, ಬಾಟಲಿಯನ್ನು ಕೋಣೆಯಲ್ಲೇ ಇಟ್ಟಿದ್ದ. ವಾರ ಕಳೆದು ತಿಂದವನಿಗೆ ಬಾಟುಲಿಸಂ ಬಂತು. ಹುಳಿ ಹಳದಿಯ ನಡುವಿಗೆ ಮುಟ್ಟುವ ಮೊದಲೇ ಕಡ್ಡಿ ಸೂಕ್ಷ್ಮಜೀವಿಯನ್ನು ಅಲ್ಲಿಗೆ ದಾಟಿಸಿರಬೇಕು.

ಚೌಚೌ, ಫ್ರಿಜ್ಜಿನ ಮಟ್ಟಿಗೆ

ಚೌಚೌ ಹುಟ್ಟುವುದು ತೋಟದ ಕೊನೆಯ ದಿನಗಳಲ್ಲಿ, ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಡುವ ಮುಂಚೆ. ಒಂದು ಹಿಡಿ ಬೀನ್ಸ್, ನಾಲ್ಕು ಕ್ಯಾರೆಟ್, ಅರ್ಧ ಹೂಕೋಸು, ಒಂದೆರಡು ದೊಣ್ಣೆಮೆಣಸಿನಕಾಯಿ, ಮುಸುಕಿನ ಜೋಳದ ಕಾಳು, ಬೇಯಿಸಿದ ರಾಜ್ಮಾ. ಒಂದೊಂದೂ ಒಂದು ಊಟಕ್ಕೆ ಸಾಲದು, ಎಲ್ಲ ಸೇರಿದರೆ ಹತ್ತು ಬಾಟಲಿ. ಗುಟ್ಟು ಏನೆಂದರೆ ತರಕಾರಿಗಳನ್ನು ಬೇರೆ ಬೇರೆಯಾಗಿ ಬೇಯಿಸಬೇಕು. ಒಟ್ಟಿಗೆ ಹಾಕಿದರೆ ಹೂಕೋಸು ಕರಗಿ ಬೀನ್ಸ್ ಹಸಿಯಾಗಿ ಉಳಿಯುತ್ತದೆ. ಒಂದು ಕಿಲೋ ತರಕಾರಿಗೆ ಎರಡು ಕಪ್ ವಿನೆಗರ್, ಒಂದೂವರೆ ಕಪ್ ಸಕ್ಕರೆ, ಒಂದು ದೊಡ್ಡ ಚಮಚ ಉಪ್ಪು, ಒಂದೊಂದು ಸಣ್ಣ ಚಮಚ ಸಾಸಿವೆ ಮತ್ತು ಸೆಲರಿ ಬೀಜ, ಅರ್ಧ ಚಮಚ ಅರಿಸಿನ. ಹೌದು, ಅರಿಸಿನವೇ. ಪಾಕ ಕುದಿ ಬಂದಾಗ ಬಸಿದ ತರಕಾರಿ ಸೇರಿಸಿ, ಮತ್ತೊಂದು ಕುದಿ ಬರಿಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದಲ್ಲಿ ತಿಂದು ಮುಗಿಸಿ. ಅದನ್ನು ಕಪಾಟಿನಲ್ಲಿ ವರ್ಷ ಇಡುವ ಆಸೆಯಿದ್ದರೆ ಈ ಅಳತೆ ಬಿಟ್ಟು, ಪರೀಕ್ಷಿಸಿದ ಪುಸ್ತಕದ ಅಳತೆ ಹಿಡಿಯಿರಿ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿರುವ ಆಹಾರ ಸಂರಕ್ಷಣಾ ಕೇಂದ್ರ ಅಂಥವನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತದೆ.

ಆಪಲ್ ಬಟರ್

ಇದರಲ್ಲಿ ಬೆಣ್ಣೆ ಇಲ್ಲ. ಬೆಣ್ಣೆಯಂತೆ ಹರಡುತ್ತದೆ ಎಂದು ಆ ಹೆಸರು. ಸೇಬಿನ ಕಾಲದಲ್ಲಿ ಅಂಗಳದಲ್ಲಿ ಬೆಂಕಿ ಹಾಕಿ, ತಾಮ್ರದ ಕೊಪ್ಪರಿಗೆಯಲ್ಲಿ ಸೇಬಿನ ರಸ ಬತ್ತಿಸಿ, ಹೋಳು ಸುರಿದು ಬೆಳಗಿನಿಂದ ಸಂಜೆಯ ತನಕ ಮಗಚುತ್ತಿದ್ದರು. ಮರದ ಹುಟ್ಟಿನ ಹಿಡಿ ಆಳುದ್ದ; ಬೆಂಕಿಯಿಂದ ದೂರ ನಿಲ್ಲಬೇಕಲ್ಲ. ಕೈ ಬಿಟ್ಟರೆ ತಳ ಹಿಡಿಯಿತೆಂದೇ ಅರ್ಥ. ಇಡೀ ಮನೆತನ ಸರದಿಯ ಮೇಲೆ ನಿಲ್ಲುತ್ತಿತ್ತು.

ಮನೆಯ ಒಲೆಯ ಮೇಲೆ ಮಾಡಲು ಅಮೆರಿಕದ ಕೃಷಿ ಇಲಾಖೆಯ ಅಳತೆಯೇ ನನಗೆ ಹಿಡಿಸಿದ್ದು. ಸೇಬು 3.6 ಕಿಲೋ, ಸೋಸದ ಸೇಬಿನ ರಸ ಎರಡು ಕಪ್, ವಿನೆಗರ್ ಎರಡು ಕಪ್, ಬಿಳಿ ಸಕ್ಕರೆ ಎರಡೂಕಾಲು ಕಪ್, ಕಂದು ಸಕ್ಕರೆ ಒತ್ತಿ ತುಂಬಿದ್ದು ಎರಡೂಕಾಲು ಕಪ್, ಚಕ್ಕೆಪುಡಿ ಎರಡು ದೊಡ್ಡ ಚಮಚ, ಲವಂಗದ ಪುಡಿ ಒಂದು ದೊಡ್ಡ ಚಮಚ. ಲವಂಗ ನನ್ನ ನಾಲಿಗೆಗೆ ಹೆಚ್ಚಾಯಿತು, ಅರ್ಧಕ್ಕೆ ಇಳಿಸಿದ್ದೇನೆ; ಮಸಾಲೆ ಇಳಿಸಿದರೆ ಅಪಾಯವಿಲ್ಲ. ವಿನೆಗರಿನ ಚೀಟಿಯಲ್ಲಿ ಆಮ್ಲ ಶೇ. 5 ಎಂದಿರಬೇಕು. ಭಾರತದ ಅಂಗಡಿಗಳಲ್ಲಿ ಶೇ. 4ರದ್ದೂ ಇರುತ್ತದೆ, ನೋಡಿ ಕೊಳ್ಳಿ. ಸೇಬು ಒಂದೇ ಜಾತಿಯದಾಗಬೇಕಿಲ್ಲ. ಸ್ಟೇಮನ್, ವೈನ್‌ಸ್ಯಾಪ್, ಗೋಲ್ಡನ್ ಡೆಲಿಶಿಯಸ್ ಎಲ್ಲವೂ ನಡೆಯುತ್ತವೆ. ಕಂದು ಸಕ್ಕರೆಯ ಜಾಗದಲ್ಲಿ ಬೆಲ್ಲ ಹಾಕಿಯೂ ನೋಡಿದೆ. ತಿನ್ನಲು ಚೆನ್ನಾಗಿಯೇ ಇತ್ತು, ಆದರೆ ಮನೆಮಂದಿ ಅದನ್ನು ಹಲ್ವ ಎಂದೇ ಕರೆದರು.

ತೊಟ್ಟು, ಬೀಜ ತೆಗೆದು ಸಿಪ್ಪೆಯ ಸಮೇತ ನಾಲ್ಕು ಹೋಳು ಮಾಡಿ, ರಸ ಮತ್ತು ವಿನೆಗರಿನಲ್ಲಿ ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಿ. ಜರಡಿಯಲ್ಲಿ ಉಜ್ಜಿ ಇಳಿಸಿದರೆ ಸಿಪ್ಪೆ ಮೇಲುಳಿಯುತ್ತದೆ. ತಿರುಳಿಗೆ ಸಕ್ಕರೆ, ಮಸಾಲೆ ಸೇರಿಸಿ ಮತ್ತೆ ಒಲೆಗೆ. ಇಲ್ಲಿಂದ ಮುಂದೆ ಫೋನು ಪಕ್ಕಕ್ಕಿಡಿ. ಗುಳ್ಳೆ ಒಡೆದು ಸಿಡಿಯುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಹದ ನೋಡಲು ತಣ್ಣನೆಯ ತಟ್ಟೆಗೆ ಒಂದು ಚಮಚ ಹಾಕಿ. ಸುತ್ತ ನೀರಿನ ಅಂಚು ಬಿಟ್ಟುಕೊಂಡರೆ ಇನ್ನೂ ಆಗಿಲ್ಲ. ಗುಡ್ಡೆಯಾಗಿ ನಿಂತು, ಅಂಚು ಒಣಗಿದಂತಿದ್ದರೆ ಇಳಿಸಿ.

ಹತ್ತು ನಿಮಿಷ ಕುದಿಸಿ ಶುದ್ಧಮಾಡಿದ ಬಾಟಲಿಗಳಿಗೆ ಬಿಸಿಬಿಸಿಯಾಗಿಯೇ ತುಂಬಿ, ಮೇಲೆ ಕಾಲು ಇಂಚು ಜಾಗ ಬಿಡಿ. ಬಾಯಿಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಿಲ್ಲೆಯಿಟ್ಟು ಬಳೆಯನ್ನು ಬೆರಳ ತುದಿಯ ಬಲದಷ್ಟೇ ಬಿಗಿಮಾಡಿ, ಒಂದಿಂಚು ಮುಳುಗುವಂತೆ ಕುದಿಯುವ ನೀರಿನಲ್ಲಿಡಿ. ಅರ್ಧ ಲೀಟರಿನ ಪೈಂಟ್ ಬಾಟಲಿಗೆ ಲ್ಯಾಂಕಾಸ್ಟರಿನಂಥ ತಗ್ಗು ಊರಿನಲ್ಲಿ ಐದು ನಿಮಿಷ ಸಾಕು, ಮಂಗಳೂರಿನಲ್ಲೂ ಅಷ್ಟೇ. ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ಮೇಲಿದ್ದರೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಆದ್ದರಿಂದ ಹತ್ತು ನಿಮಿಷ. ಸುಮಾರು ಮೂರು ಸಾವಿರ ಅಡಿ ಎತ್ತರದ ಬೆಂಗಳೂರು, ಹಾಗೆಯೇ ಮೈಸೂರು, ಮಡಿಕೇರಿ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಬಾಟಲಿ ಶುದ್ಧಮಾಡುವಾಗಲೂ ಅಲ್ಲಿ ಸಾವಿರ ಅಡಿಗೊಂದು ನಿಮಿಷ ಹೆಚ್ಚು ಕುದಿಸಿ.

ತೆಗೆದು ಟವೆಲಿನ ಮೇಲೆ ಸಾಲಾಗಿ ಇಟ್ಟು, ಮುಟ್ಟದೆ ಬಿಡಿ. ತಣಿಯುತ್ತಾ ಒಳಗಿನ ಗಾಳಿ ಕುಗ್ಗಿ ಬಿಲ್ಲೆಯನ್ನು ಕೆಳಕ್ಕೆ ಎಳೆದಾಗ "ಟಕ್" ಎಂದು ಸದ್ದಾಗುತ್ತದೆ. ಆ ಸದ್ದು ಕೇಳುವುದಕ್ಕೇ ನಮ್ಮ ಮನೆಯಲ್ಲಿ ಮಕ್ಕಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂರುತ್ತಾರೆ. ಕಳೆದ ಅಕ್ಟೋಬರಿನಲ್ಲಿ ಬಾಟಲಿ ಒಂಬತ್ತಿದ್ದವು, ಮಲಗುವ ಹೊತ್ತಿಗೆ ಟಕ್ ಎಂದದ್ದು ಎಂಟು. ಬೆಳಿಗ್ಗೆ ಒಂಬತ್ತನೆಯದರ ಬಿಲ್ಲೆ ಒತ್ತಿದರೆ ಕುಪ್ಪಳಿಸಿ ಮೇಲೆ ಬಂತು. ಅದು ನೆಲಮಾಳಿಗೆಗೆ ಹೋಗುವಂತಿಲ್ಲ, ಫ್ರಿಜ್ಜಿಗೆ ಹೋಗಬೇಕು. ಅಷ್ಟು ದೂರವೂ ಹೋಗಲಿಲ್ಲ. ಕಾವಲಿಯ ಮೇಲೆ ದೋಸೆ ಏಳುತ್ತಿತ್ತು, ಮಕ್ಕಳು ಆಗಲೇ ಚಮಚ ಹಿಡಿದು ನಿಂತಿದ್ದರು.